ಅನುಮಾನದಕ್ಕ ನಂಬಿದ ಹಸಿರು ದೀಪ

ಅವಳಿಗೆ ಆ ಹೆಸರಿಟ್ಟವಳು ನಾನೇ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ಕೈ ತೊಳೆದು ನಲ್ಲಿ ನಿಲ್ಲಿಸಿ ಆಚೆ ಬಂದವಳು, ನಾಲ್ಕು ಹೆಜ್ಜೆ ನಡೆದು, ತಿರುಗಿ ಹೋಗಿ ನಲ್ಲಿ ಸರಿಯಾಗಿ ನಿಂತಿದೆಯೇ ಎಂದು ನೋಡಿ ಬಂದಳು. ಆಮೇಲೆ ಇನ್ನೊಂದು ಸಲ ಹೋದಳು. "ಏನಕ್ಕಾ, ನಲ್ಲಿ ಮೇಲೂ ಅನುಮಾನವಾ?" ಎಂದೆ. "ನಲ್ಲಿ ಮೇಲಲ್ಲ ಕಣೇ, ನನ್ನ ಮೇಲೆ," ಎಂದಳು. ಅಂದಿನಿಂದ ಇಡೀ ಕಚೇರಿಗೆ ಅವಳು ಅನುಮಾನದಕ್ಕ. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ.

ನಾವು ಮಾಡುತ್ತಿದ್ದುದು ಲಿಫ್ಟಿನ ಬಾಗಿಲನ್ನು ಆಳುವ ಪೆಟ್ಟಿಗೆ. ಊಟದ ಡಬ್ಬಿಯಷ್ಟು ಗಾತ್ರ. ಯಾವಾಗ ಬಾಗಿಲು ತೆರೆಯಬೇಕು, ಯಾವಾಗ ಮುಚ್ಚಬೇಕು ಎನ್ನುವುದೆಲ್ಲ ಅದರೊಳಗಿನ ಪ್ರೋಗ್ರಾಂ ಹೇಳಿದಂತೆ. ಪ್ರೋಗ್ರಾಂ ಬರೆಯುವವರು ಐದು ಜನ, ಅದು ಸರಿಯಿದೆಯೇ ಎಂದು ಪರೀಕ್ಷಿಸುವವಳು ಇವಳೊಬ್ಬಳೇ. ಪೆಟ್ಟಿಗೆಯ ಜೊತೆ ಹೋಗುವ ಕೈಪಿಡಿ ಬರೆಯುವವಳು ನಾನು. ಹಾಗಾಗಿ ನಮ್ಮಿಬ್ಬರ ಮೇಜು ಪಕ್ಕಪಕ್ಕ. ನನ್ನ ಬಾಯಿ ಸ್ವಲ್ಪ ಜೋರು, ಅವಳದು ಮೆತ್ತಗೆ. ಚೆನ್ನಾಗಿಯೇ ಹೊಂದಿಕೊಂಡಿದ್ದೆವು.

ಕಚೇರಿಯ ಮೂಲೆಯಲ್ಲಿ ಮರದ ಚೌಕಟ್ಟಿಗೆ ಕೂರಿಸಿದ ನಿಜವಾದ ಲಿಫ್ಟ್ ಬಾಗಿಲೊಂದಿತ್ತು. ಅದರ ಹಿಂದೆ ಲಿಫ್ಟ್ ಇಲ್ಲ, ಬರೀ ಗೋಡೆ. ಹೊಸಬರು ಅದರೊಳಗೆ ನುಗ್ಗಿ ಮೂಗು ಜಜ್ಜಿಕೊಳ್ಳುವುದು ನಮಗೊಂದು ಮೋಜು. ಅಕ್ಕ ದಿನವಿಡೀ ಅದರ ಮುಂದೆ ನಿಂತು, ಹತ್ತಿ ತುಂಬಿದ ಚರ್ಮದ ಕೈಗವಸೊಂದನ್ನು ಕೋಲಿಗೆ ಕಟ್ಟಿಕೊಂಡು, ಮುಚ್ಚುತ್ತಿರುವ ಬಾಗಿಲಿಗೆ ಅಡ್ಡ ಹಿಡಿಯುತ್ತಿದ್ದಳು. ಬಾಗಿಲಂಚಿನ ಬೆಳಕಿನ ಕಣ್ಣು ಅದನ್ನು ಕಂಡೊಡನೆ, ಅರ್ಧ ಸೆಕೆಂಡಿನೊಳಗೆ ಬಾಗಿಲು ಹಿಂದಕ್ಕೆ ಸರಿಯಬೇಕು. ಆ ಗವಸಿನ ಹೆಸರು ‘ಭಾವನ ಕೈ’. ಸಿಕ್ಕಿಹಾಕಿಕೊಂಡರೂ ಯಾರಿಗೂ ಅಷ್ಟೇನೂ ದುಃಖವಾಗದ ಕೈ ಯಾರದು ಎಂದು ಚರ್ಚೆಯಾಗಿ, ಮದುವೆಯಾದವರೆಲ್ಲ ಒಕ್ಕೊರಲಿನಿಂದ ಆರಿಸಿದ ಹೆಸರು ಅದು.

ಪೆಟ್ಟಿಗೆಯ ಪ್ರತಿ ಹೊಸ ಆವೃತ್ತಿ ಹೊರಡುವಾಗ ಒಂದು ಹಾಳೆಯ ಮೇಲೆ ಅಕ್ಕನ ಸಹಿ ಬೇಕಿತ್ತು. ಬೇರೆ ಕಂಪನಿಗಳಲ್ಲಿ ಏನು ಬರೆಯುತ್ತಾರೋ ಗೊತ್ತಿಲ್ಲ, ಇವಳು ಮಾತ್ರ ‘ನೋಡಿದ್ದೇನೆ’ ಎಂದು ಬರೆದು ಕೆಳಗೆ ಸಹಿ ಹಾಕುತ್ತಿದ್ದಳು. ಅದು ಅವಳಪ್ಪನಿಂದ ಬಂದದ್ದು. ಅವರು ಮೂವತ್ತೆಂಟು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ತಿದ್ದಿದ ಪ್ರತಿ ಹಾಳೆಯ ಬುಡದಲ್ಲಿ ‘ನೋಡಿದೆ’ ಎಂದು ಬರೆಯುವುದು ಅವರ ರೂಢಿ. ಆ ಪದ ಬಿದ್ದ ಮೇಲೆ ತಪ್ಪು ಸಿಕ್ಕರೆ ಅದು ಅಚ್ಚಿನವನದಲ್ಲ, ಅವರದು. ನಿವೃತ್ತರಾಗಿ ಮಗಳ ಜೊತೆ ನಾಲ್ಕನೇ ಮಹಡಿಯ ಮನೆಯಲ್ಲಿದ್ದರು. ದಿನಾ ಬೆಳಿಗ್ಗೆ ವಾಚನಾಲಯಕ್ಕೆ ಹೋಗಿ, ಅಲ್ಲಿನ ಪತ್ರಿಕೆಗಳ ತಪ್ಪನ್ನೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿ, ಗ್ರಂಥಪಾಲಕಿಯ ಕೈಲಿ ಬೈಸಿಕೊಂಡು ಬರುತ್ತಿದ್ದರು.

ಐದು ವರ್ಷದ ಹಿಂದೆ ಒಬ್ಬ ಕೆಲಸಕ್ಕೆ ಸೇರಿದ. ಏನು ಕೇಳಿದರೂ "ಸರಾಗವಾಗಿ ಆಗುತ್ತೆ ಬಿಡಿ" ಎನ್ನುತ್ತಿದ್ದ. ಹಾಗಾಗಿ ಅವನು ಸರಾಗ. ಆಗಷ್ಟೇ ಮದುವೆಯಾಗಿದ್ದ, ಕೆಲಸ ಮಾತ್ರ ಅರ್ಧಂಬರ್ಧ ಗೊತ್ತಿತ್ತು. ಅಕ್ಕ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರಾಭ್ಯಾಸ ಮಾಡಿಸಿದ ಹಾಗೆ ಕಲಿಸಿದಳು. ಹೆಂಡತಿ ತವರಿಗೆ ಹೋದಾಗಲೆಲ್ಲ ಅವನ ಊಟ ಅಕ್ಕನ ಮನೆಯಲ್ಲಿ. ಅವಳ ಅಪ್ಪನನ್ನು ಇವನೂ "ಅಪ್ಪಾಜಿ" ಎನ್ನುತ್ತಿದ್ದ. ಬಡ್ತಿಗೆಂದು ಅವನು ಬರೆದ ಅರ್ಜಿಯನ್ನು ತಿದ್ದಿಕೊಟ್ಟವರು ಆ ಅಪ್ಪಾಜಿಯೇ. ಬಡ್ತಿ ಸಿಕ್ಕಿತು, ಪ್ರೋಗ್ರಾಂ ಬರೆಯುವವರಿಗೆಲ್ಲ ಅವನೇ ಮುಖ್ಯಸ್ಥನಾದ. ನಮ್ಮಕ್ಕನಿಗೆ ತಮ್ಮನೇ ಗೆದ್ದಷ್ಟು ಹಿಗ್ಗು.

ಅವನು ಬಂದ ಮೇಲೆ ಭಾವನ ಕೈಗೆ ರಜೆ ಸಿಕ್ಕಿತು. ಇಬ್ಬರೂ ಕೂತು, ಕಂಪ್ಯೂಟರಿನೊಳಗೇ ಒಂದು ಸುಳ್ಳು ಬಾಗಿಲು, ಸುಳ್ಳು ಕೈ ಮಾಡಿ, ಪರೀಕ್ಷೆಗಳೆಲ್ಲ ತಾವಾಗಿಯೇ ನಡೆಯುವ ಹಾಗೆ ಬರೆದರು. ಆರುನೂರ ಹನ್ನೆರಡು ಪರೀಕ್ಷೆ. ಯಾರಾದರೂ ಒಂದು ಸಾಲು ಬದಲಿಸಿದರೂ ಸಾಕು, ಎಲ್ಲವೂ ಮತ್ತೆ ಓಡಬೇಕು. ಒಂದು ತಪ್ಪಿದರೂ ಮೂಲೆಯ ಬಾಗಿಲ ಮೇಲಿನ ದೀಪ ಕೆಂಪು, ಎಲ್ಲ ಸರಿಯಿದ್ದರೆ ಹಸಿರು. ಹಸಿರು ಬಂದಾಗ ಎಲ್ಲರೂ ಒಮ್ಮೆ ಮೇಜು ತಟ್ಟುವುದು ನಮ್ಮಲ್ಲಿ ರೂಢಿಯಾಯಿತು.

ಒಂದು ತೊಡಕಿತ್ತು. ನಿಜವಾದ ಲಿಫ್ಟಿನಲ್ಲಿ ಬಾಗಿಲು ತೆರೆದು ಎಂಟು ಸೆಕೆಂಡು ಕಾಯುತ್ತದೆ. ಆರುನೂರು ಪರೀಕ್ಷೆಯಲ್ಲೂ ಹಾಗೆ ಕಾಯುತ್ತ ಕೂತರೆ ಗಂಟೆಗಟ್ಟಲೆ ಆಗುತ್ತಿತ್ತು. ಅದಕ್ಕೆ ಅಕ್ಕ ಒಂದು ದಾರಿ ಹೇಳಿಕೊಟ್ಟಳು. ನನಗೆ ಅರ್ಥವಾದ ಮಟ್ಟಿಗೆ ಹೇಳುತ್ತೇನೆ. ನಾವು ಬರೆದ ಪ್ರೋಗ್ರಾಂ ನೇರವಾಗಿ ಯಂತ್ರಕ್ಕೆ ಹೋಗುವುದಿಲ್ಲ. ಮೊದಲು ಪ್ರೀಪ್ರೊಸೆಸರ್ ಎಂಬುದರ ಕೈಗೆ ಹೋಗುತ್ತದೆ. ಒಲೆಗೆ ಇಡುವ ಮೊದಲು ಸೊಪ್ಪು ಸೋಸುವವರ ಕೆಲಸ ಅದರದು. ‘ಟೆಸ್ಟ್’ ಎಂಬ ಗುರುತಿನ ನಡುವೆ ಬರೆದ ಸಾಲುಗಳನ್ನು ಪರೀಕ್ಷೆಯ ಹೊತ್ತಿನಲ್ಲಿ ಇಟ್ಟುಕೊಳ್ಳುತ್ತದೆ, ಗಿರಾಕಿಗೆ ಹೋಗುವ ಪೆಟ್ಟಿಗೆಯಲ್ಲಿ ತೆಗೆದುಹಾಕುತ್ತದೆ. ಆ ಗುರುತಿನೊಳಗೆ ‘ಕಾಯುವ ಹೊತ್ತು ಸೊನ್ನೆ’ ಎಂದು ಬರೆದರೆ ಪರೀಕ್ಷೆ ಹನ್ನೊಂದು ನಿಮಿಷಕ್ಕೆ ಮುಗಿಯುತ್ತದೆ.

"ಈ ಗುರುತು ಕಾಯೋ ಹೊತ್ತಿಗೆ ಮಾತ್ರ. ಬೇರೆ ಯಾವುದಕ್ಕೂ ಬಳಸ್ಬೇಡ," ಎಂದು ಅಕ್ಕ ಅವನಿಗೆ ಹೇಳಿದ್ದು ನಾನೇ ಕಿವಿಯಾರೆ ಕೇಳಿದ್ದೇನೆ. "ಅಯ್ಯೋ ಅಕ್ಕ, ನೀವು ಹಾಕಿದ ಗೆರೆ ದಾಟ್ತೀನಾ?" ಎಂದಿದ್ದ.

ಹೀಗೆ ನಾಲ್ಕು ವರ್ಷ ಹಸಿರು ದೀಪ ಉರಿಯಿತು. ನಲ್ಲಿಯನ್ನು ಮೂರು ಸಲ ನೋಡುವವಳು ಆ ದೀಪವನ್ನು ಒಂದೇ ಸಲ ನೋಡಿ ನಂಬುವಂತಾದಳು. ತನ್ನ ಮನೆಯಿರುವ ಕಟ್ಟಡದ ಹಳೇ ಲಿಫ್ಟಿಗೆ, ಆಗಷ್ಟೇ ಹೊರಟ ಆವೃತ್ತಿಯ ನಮ್ಮದೇ ಪೆಟ್ಟಿಗೆ ಹಾಕಿಸಿದಳು. ನೆರೆಯವರು ಅನುಮಾನಪಟ್ಟಾಗ, "ನಾನೇ ಪರೀಕ್ಷೆ ಮಾಡಿದ್ದು, ಧೈರ್ಯವಾಗಿ ಓಡಾಡಿ," ಎಂದಿದ್ದಳಂತೆ.

ಒಂದು ಮಂಗಳವಾರ ಬೆಳಿಗ್ಗೆ ಅವಳಪ್ಪ ವಾಚನಾಲಯಕ್ಕೆ ಹೊರಟಿದ್ದರು. ಲಿಫ್ಟಿನ ಬಾಗಿಲು ಮುಚ್ಚುತ್ತಿತ್ತು. ಎಲ್ಲರೂ ಮಾಡುವಂತೆ ಕೈ ಅಡ್ಡ ಇಟ್ಟರು. ಬಾಗಿಲು ನಿಲ್ಲಲಿಲ್ಲ. ಮಣಿಕಟ್ಟು ಸಿಕ್ಕಿಕೊಂಡಿತು. ಗಾಬರಿಯಲ್ಲಿ ಜಗ್ಗಿದರು, ಆಯ ತಪ್ಪಿ ಬಿದ್ದರು. ಬಲಗೈ ಮೂಳೆ ಎರಡು ಕಡೆ ಮುರಿಯಿತು. ಅದು ಪೆನ್ನು ಹಿಡಿಯುವ ಕೈ.

ಆಸ್ಪತ್ರೆಯಿಂದ ಅಕ್ಕ ನೇರವಾಗಿ ಕಚೇರಿಗೆ ಬಂದಳು. ಬ್ಯಾಗು ಕೆಳಗಿಡದೆ, ನಿಂತುಕೊಂಡೇ ಆರುನೂರ ಹನ್ನೆರಡು ಪರೀಕ್ಷೆಯನ್ನೂ ಓಡಿಸಿದಳು. ಹಸಿರು ಬಂತು. ಆ ದಿನ ಯಾರೂ ಮೇಜು ತಟ್ಟಲಿಲ್ಲ.

"ಏನಾಗಿರಬಹುದೋ?" ಎಂದು ಸರಾಗನನ್ನು ಕೇಳಿದಳು.

ಅವನು ಅವಳ ಮುಖವನ್ನೇ ನೋಡುತ್ತ ಹೇಳಿದ ಮಾತು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. "ಅಕ್ಕ, ಬೇಜಾರು ಮಾಡ್ಕೋಬೇಡಿ. ಅಪ್ಪಾಜಿಗೆ ವಯಸ್ಸಾಯ್ತು. ಬಾಗಿಲು ಪೂರ್ತಿ ಮುಚ್ಚಿದ ಮೇಲೆ ಕೈ ಹಾಕಿರ್ಬೇಕು, ಇಲ್ಲಾ ಸುಮ್ನೆ ಆಯ ತಪ್ಪಿರ್ಬೇಕು. ಈ ವಯಸ್ಸಲ್ಲಿ ಮರೆವು ಹಿಂಗೇ ಶುರುವಾಗೋದು. ಒಳ್ಳೆ ಡಾಕ್ಟರಿಗೆ ತೋರಿಸಿ." ಸಾಯಂಕಾಲ ಹಣ್ಣು ತೆಗೆದುಕೊಂಡು ಆಸ್ಪತ್ರೆಗೂ ಹೋದ. ಹೋಗಿ, ಅವರ ಮಂಚದ ಮೇಲೆ ಕೂತು, ಸೇಬು ಹೆಚ್ಚಿ ತಿನ್ನಿಸಿ ಬಂದ.

ಅಕ್ಕ ಅಪ್ಪನಿಗೆ ಮೆತ್ತಗೆ ಹೇಳಿದಳು. "ಅಪ್ಪ, ನಾನು ಎಲ್ಲಾ ನೋಡ್ದೆ. ಕೈ ಅಡ್ಡ ಇದ್ರೆ ಆ ಬಾಗಿಲು ಮುಚ್ಚೋಕೆ ಸಾಧ್ಯವೇ ಇಲ್ಲ."

"ನಾನು ಅಡ್ಡ ಇಟ್ಟಿದ್ದೆ ಕಣಮ್ಮ."

"ಹಾಗನ್ಸಿರುತ್ತೆ ಅಪ್ಪ, ಗಾಬರೀಲಿ."

ಅವರು, "ನೀನು ನೋಡಿದೀಯ ಅಂದ್ಮೇಲೆ ಮುಗೀತು. ನಂದೇ ತಪ್ಪಿರ್ಬೇಕು," ಎಂದರಂತೆ.

ಮರೆವಿಗೆಂದು ತೋರಿಸಿದ ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು, ನೂರರಿಂದ ಏಳೇಳು ಕಳೆಯಲು ಹೇಳಿದರು. ಅವಳಪ್ಪ ಎಲ್ಲವನ್ನೂ ಸರಿಯಾಗಿಯೇ ಹೇಳಿದರು. ಆದರೂ ಮಗಳು ವಿವರಿಸಿದ್ದನ್ನು ಕೇಳಿ, ಇರಲಿ ಎಂದು ಡಾಕ್ಟರು ಒಂದು ಮಾತ್ರೆ ಬರೆದರು. ಅದನ್ನು ಅವಳಪ್ಪ ಗಡಿಯಾರ ನೋಡಿಕೊಂಡು ನುಂಗುತ್ತಿದ್ದರು. ಕೆಳಗಿಳಿಯುವುದು ನಿಂತಿತು. ವಾಚನಾಲಯ ನಿಂತಿತು. "ದಾರಿ ಮರೆತುಬಿಟ್ರೆ ನಿಂಗೆ ತೊಂದ್ರೆ," ಎನ್ನುತ್ತಿದ್ದರು. ಹದಿನೈದು ವರ್ಷ ನಡೆದ ದಾರಿ ಅದು, ಎರಡೇ ತಿರುವು.

ಹತ್ತು ವಾರದ ಮೇಲೆ ಒಂದು ಭಾನುವಾರ ನಾನು ಅವರ ಮನೆಗೆ ಊಟಕ್ಕೆ ಹೋಗಿದ್ದೆ. ಅವರನ್ನು ಮಾತಿಗೆಳೆಯಲೆಂದು ಮುದ್ರಣಾಲಯದ ಸುದ್ದಿ ತೆಗೆದೆ. ಎಡಗೈಯಲ್ಲಿ ನಿಧಾನವಾಗಿ ತುತ್ತು ಎತ್ತುತ್ತ ಒಂದು ಕಥೆ ಹೇಳಿದರು.

"ಒಂದ್ಸಲ ಔಷಧಿ ಪುಸ್ತಕದ ಕರಡು ನೋಡಿ ಸಹಿ ಹಾಕ್ದೆ. ಪುಸ್ತಕ ಬಂದಾಗ ನೋಡಿದ್ರೆ ಒಂದು ಕಡೆ ಅಂಕಿ ತಪ್ಪು! ನನ್ನ ಕರಡಲ್ಲಿ ಸರಿಯಾಗೇ ಇದೆ. ಏನಾಗಿತ್ತು ಗೊತ್ತಾ? ಅಕ್ಷರ ಜೋಡಿಸೋನ ಕೈಯಿಂದ ಅಚ್ಚು ಕೆಳಗೆ ಬಿದ್ದು ಚೆಲ್ಲಾಪಿಲ್ಲಿಯಾಗಿತ್ತಂತೆ. ಬೈತಾರೆ ಅಂತ ಸದ್ದಿಲ್ದೆ ತಾನೇ ಮತ್ತೆ ಜೋಡಿಸಿಬಿಟ್ಟಿದ್ದ. ನಾನು ನೋಡಿದ್ದೇ ಬೇರೆ, ಅಚ್ಚಾಗಿದ್ದೇ ಬೇರೆ. ಅವತ್ತಿಂದ ಕರಡಿಗೆ ಸಹಿ ಹಾಕೋದು ಬಿಟ್ಟೆ. ಯಂತ್ರದಿಂದ ಇಳಿದ ಮೊದಲನೇ ಹಾಳೆ ತಂದು ತೋರಿಸಿ, ಅದಕ್ಕೆ ಹಾಕ್ತೀನಿ ಅಂದೆ." ಆಮೇಲೆ ಅನುಮಾನದಿಂದ ಮಗಳ ಕಡೆ ತಿರುಗಿದರು. "ಹಿಂಗೇ ಅಲ್ವಾ ಆಗಿದ್ದು? ನಾನು ಸರಿಯಾಗಿ ಹೇಳ್ತಿದೀನಾ?"

ಅಕ್ಕನ ಕೈ ತಟ್ಟೆಯಲ್ಲೇ ನಿಂತುಬಿಟ್ಟಿತ್ತು. ಆಮೇಲೆ ಅವಳು ಊಟ ಮಾಡಲಿಲ್ಲ.

ಸೋಮವಾರ ಬೆಳಿಗ್ಗೆ ಎಂಟಕ್ಕೇ ನನ್ನನ್ನು ಕಚೇರಿಗೆ ಕರೆಸಿಕೊಂಡಳು. ಗಿರಾಕಿಗೆ ಕಳಿಸಲು ಕಟ್ಟಿಟ್ಟಿದ್ದ ಪೆಟ್ಟಿಗೆಯೊಂದನ್ನು ಬಿಚ್ಚಿ, ಮೂಲೆಯ ಬಾಗಿಲಿಗೆ ಜೋಡಿಸಿದಳು. ಕೆಳಗಿನ ಖಾನೆಯಿಂದ ಭಾವನ ಕೈ ತೆಗೆದು ಧೂಳು ಕೊಡವಿದಳು. ಬಾಗಿಲು ಮುಚ್ಚತೊಡಗಿತು, ಅವಳು ಕೋಲು ಚಾಚಿದಳು.

ಬಾಗಿಲು ಗವಸನ್ನು ಕಚ್ಚಿತು. ಅರ್ಧ ಸೆಕೆಂಡಲ್ಲ, ನಾನು ‘ಅಯ್ಯೋ’ ಎಂದು ಮುಗಿಸುವಷ್ಟು ಹೊತ್ತು. ಹೊಲಿಗೆ ಬಿಟ್ಟು ಹತ್ತಿ ಈಚೆ ಬಂತು. ಆಮೇಲೆ ನಿಧಾನವಾಗಿ ಬಾಗಿಲು ಹಿಂದೆ ಸರಿಯಿತು.

"ಇನ್ನೊಂದ್ಸಲ ನೋಡೋಣ," ಎಂದಳು. ಏಳು ಸಲ ನೋಡಿದಳು. ಏಳು ಸಲವೂ ಅದೇ.

ಆಮೇಲೆ ಕಂಪ್ಯೂಟರಿನ ಮುಂದೆ ಕೂತು, ಪ್ರೀಪ್ರೊಸೆಸರ್ ಸೋಸಿ ಕೊಟ್ಟದ್ದನ್ನು ಎರಡು ಬಗೆಯಲ್ಲಿ ತೆಗೆದಳು. ಒಂದು ಪರೀಕ್ಷೆಗೆ ಹೋಗುವುದು, ಇನ್ನೊಂದು ಗಿರಾಕಿಗೆ ಹೋಗುವುದು. ಎರಡನ್ನೂ ಪಕ್ಕಪಕ್ಕ ಇಟ್ಟು, ಅಪ್ಪ ಕರಡು ನೋಡುವಂತೆ ಸಾಲಿನ ಮೇಲೆ ಬೆರಳಿಟ್ಟು ಓದಿದಳು. ಬಾಗಿಲು ತೆರೆದು ಕಾಯುವ ಕಡೆ ವ್ಯತ್ಯಾಸವಿತ್ತು, ಅದು ಇರಬೇಕಾದದ್ದೇ. ಕೆಳಗೆ ಇನ್ನೊಂದು ಕಡೆಯೂ ಇತ್ತು. ಬೆಳಕಿನ ಕಣ್ಣಿಗೆ ಏನಾದರೂ ಅಡ್ಡ ಕಂಡರೆ, ಒಂದೂವರೆ ಸೆಕೆಂಡು ಅದು ಹಾಗೇ ಇದ್ದರೆ ಮಾತ್ರ ನಂಬು ಎಂದು ಗಿರಾಕಿಯ ಪ್ರತಿಯಲ್ಲಿ. ಸೊನ್ನೆ ಸೆಕೆಂಡು ಎಂದು ಪರೀಕ್ಷೆಯ ಪ್ರತಿಯಲ್ಲಿ. ಅಂದರೆ ಅಕ್ಕ ಆರುನೂರ ಹನ್ನೆರಡು ಸಲ ನೋಡಿದ ಬಾಗಿಲು ಒಂದು, ಅವಳಪ್ಪನ ಕೈ ಕಚ್ಚಿದ ಬಾಗಿಲು ಇನ್ನೊಂದು. ಯಾವ ಸಾಲನ್ನು ಯಾರು ಯಾವತ್ತು ಬರೆದರು ಎಂಬ ದಾಖಲೆಯೂ ಅಲ್ಲೇ ಇರುತ್ತದೆ. ತೆಗೆದು ನೋಡಿದಳು. ಏಳು ತಿಂಗಳ ಹಿಂದಿನ ತಾರೀಕು. ಹೆಸರು ಸರಾಗನದು.

"ಬೇರೆ ಯಾರಾದ್ರೂ ಅವನ ಹೆಸರಲ್ಲಿ ಹಾಕಿರ್ಬಹುದಾ?" ಎಂದಳು. ಅನುಮಾನದಕ್ಕ ಆ ಹೊತ್ತಿನಲ್ಲಿ ಅನುಮಾನಪಡಲು ಕಾರಣ ಹುಡುಕುತ್ತಿದ್ದಳು. ನನಗೆ ಅಳು ಬಂತು.

ಅವನು ಹತ್ತಕ್ಕೆ ಬಂದ. ಅಕ್ಕ ಎರಡು ಹಾಳೆಯನ್ನೂ ಅವನ ಮೇಜಿನ ಮೇಲಿಟ್ಟಳು. ಅವನು ಓದಲೂ ಇಲ್ಲ. ಕಂಡೊಡನೆ ಗೊತ್ತಾಯಿತು.

"ಅದು ಕಾಯೋ ಹೊತ್ತೇ ಅಲ್ವಾ ಅಕ್ಕ? ಕಾಯೋ ಹೊತ್ತಿಗೆ ಈ ಗುರುತು ಹಾಕ್ಬಹುದು ಅಂತ ನೀವೇ ಹೇಳಿಕೊಟ್ಟಿದ್ದು."

"ನಂಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಬಿಡ್ತಿದ್ರಾ? ಧೂಳು ಜಾಸ್ತಿ ಇರೋ ಕಟ್ಟಡದೋರು ದಿನಾ ಫೋನ್ ಮಾಡಿ ಉಗೀತಿದ್ರು, ಬಾಗಿಲು ಮುಚ್ಚೋದೇ ಇಲ್ಲ ಅಂತ. ಧೂಳು ಬಿದ್ರೂ ಕೈ ಅನ್ಕೊಂಡು ತೆರ್ಕೊಳ್ತಿತ್ತು. ಇದನ್ನ ಹಾಕ್ದೆ, ನಿಂತುಹೋಯ್ತು. ನಿಮ್ಮ ಪರೀಕ್ಷೆ ಮಾತ್ರ ಕೆಂಪು ತೋರಿಸ್ತು. ಅದಕ್ಕೆ ಆ ಗುರುತಿನೊಳಗೆ ಸೊನ್ನೆ ಹಾಕ್ದೆ, ಎರಡು ವಾರದ ಮಟ್ಟಿಗೆ ಅಂತ..."

"ಅಪ್ಪನ ಕೈ ಮುರಿದಾಗ ನಿಂಗೆ ಗೊತ್ತಿತ್ತಾ?"

ಅವನು ಹಾಳೆಗಳನ್ನು ಮೇಜಿನ ಅಂಚಿಗೆ ಸರಿಸಿದ.

"ಗೊತ್ತಿದ್ದೂ ಮರೆವು ಅಂದ್ಯಾ? ಗೊತ್ತಿದ್ದೂ ಅವರಿಗೆ ಹಣ್ಣು ತಿನ್ನಿಸಿದ್ಯಾ?"

"ಹೆದರಿಕೆ ಆಯ್ತು ಅಕ್ಕ."

"ಉಂಡ ಮನೆಗೆ ಎರಡು ಬಗೆದ್ಯಲ್ಲೋ! ಆ ಮನುಷ್ಯ ಹತ್ತು ವಾರದಿಂದ ತಲೆ ಕೆಟ್ಟಿದೆ ಅಂತ ಮಾತ್ರೆ ನುಂಗ್ತಿದಾರೆ, ಗೊತ್ತಾ ನಿಂಗೆ?" ಎಂದು ಕಿರುಚಿದ್ದು ನಾನು. ಅಕ್ಕ ಕಿರುಚಲಿಲ್ಲ. "ಇನ್ಮೇಲೆ ನನ್ನ ಅಕ್ಕ ಅನ್ಬೇಡ," ಎಂದಷ್ಟೇ ಹೇಳಿ ಯಜಮಾನರ ಕೋಣೆಗೆ ನಡೆದಳು.

ಯಜಮಾನರು ಕಂಪನಿಯ ಒಡೆಯರು. ಕೆಟ್ಟವರಲ್ಲ, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ. "ಮುಂದಿನ ತಿಂಗಳ ಆವೃತ್ತೀಲಿ ಸದ್ದಿಲ್ಲದೆ ಸರಿ ಮಾಡೋಣಮ್ಮ. ಈಗ ಊರಿಗೆಲ್ಲ ಡಂಗುರ ಸಾರೋದ್ಯಾಕೆ?" ಎಂದರು.

"ಹಾಳೆ ಮೇಲಿರೋದು ನನ್ನ ಸಹಿ ಸಾರ್. ನೋಡಿದ್ದೇನೆ ಅಂತ ಬರ್ದಿದೀನಿ. ನಾನು ನೋಡಿಲ್ಲ. ಅದನ್ನ ನಾನೇ ಹೇಳ್ತೀನಿ."

ಕೈಪಿಡಿ ಕಳಿಸಿದ ವಿಳಾಸಗಳೆಲ್ಲ ನನ್ನ ಹತ್ತಿರವಿದ್ದವು. ಅರ್ಧ ಸೆಕೆಂಡಿನಲ್ಲಿ ಬಾಗಿಲು ಹಿಂದೆ ಸರಿಯುತ್ತದೆ ಎಂದು ಆ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆದವಳೂ ನಾನೇ ತಾನೆ! ಇಬ್ಬರೂ ಕೂತು, ಸಂಜೆಯೊಳಗೆ ನಲವತ್ತೊಂದು ಕಟ್ಟಡಕ್ಕೂ ಫೋನ್ ಮಾಡಿ, ರಿಪೇರಿಯಾಗುವವರೆಗೆ ಲಿಫ್ಟ್ ನಿಲ್ಲಿಸಲು ಹೇಳಿದೆವು. ಕೆಲವರು ಬೈದರು. ನಾಲ್ಕನೇ ಫೋನಿನಲ್ಲಿ ಒಬ್ಬ ಹೆಂಗಸು, "ನನ್ನ ಮಗಳು ಬಾಗಿಲು ಕೈ ಹಿಡೀತು ಅಂದಾಗ ಸುಳ್ಳು ಹೇಳ್ತೀಯಾ ಅಂತ ಎರಡು ಬಿಟ್ಟಿದ್ದೆ," ಎಂದು ಅಳತೊಡಗಿದಳು. ಯಜಮಾನರು ಬಾಗಿಲಲ್ಲಿ ನಿಂತು, "ನಿಮ್ಮಿಬ್ಬರ ವಿಷಯ ನಾಳೆ ಯೋಚಿಸ್ಬೇಕಾಗುತ್ತೆ," ಎಂದರು. "ಯೋಚಿಸಿ," ಎಂದೆ ನಾನು.

ಅಕ್ಕನನ್ನು ಒಬ್ಬಳನ್ನೇ ಕಳಿಸಲು ಮನಸ್ಸಾಗದೆ ಜೊತೆಗೆ ಹೋದೆ. ನಾಲ್ಕು ಮಹಡಿ ಮೆಟ್ಟಿಲು ಹತ್ತಿದೆವು. ಅವಳಪ್ಪ ಕಿಟಕಿಯ ಬಳಿ ಕೂತಿದ್ದರು. ಅವಳು ನೆಲದ ಮೇಲೆ ಅವರ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದಳು. ಎರಡು ಹಾಳೆಯನ್ನೂ ತೋರಿಸಿದಳು. ಅವರಿಗೆ ಪ್ರೋಗ್ರಾಂ ಓದಲು ಬರುವುದಿಲ್ಲ. ಆದರೂ ಬೆರಳಿಟ್ಟು ಸಾಲು ಸಾಲು ಹೋಲಿಸಿ, ವ್ಯತ್ಯಾಸವಿದ್ದ ಜಾಗದಲ್ಲಿ ಸರಿಯಾಗಿ ನಿಂತರು.

"ಆ ಹುಡುಗನಿಗೆ ಗೊತ್ತಿತ್ತಾ?" ಎಂದರು.

"ಗೊತ್ತಿತ್ತು ಅಪ್ಪ."

ಅವರು ಎದ್ದು ಹೋಗಿ ದಿಂಬಿನ ಕೆಳಗಿನಿಂದ ಒಂದು ನೋಟ್‌ಬುಕ್ ತೆಗೆದು ಮಗಳ ಕೈಗಿತ್ತರು. ಮರೆಯಬಾರದೆಂದು ದಿನದ ಸಂಗತಿ ಬರೆದಿಡಲು ಡಾಕ್ಟರು ಹೇಳಿದ್ದರಂತೆ. ಎಡಗೈಯ ವಕ್ರ ಅಕ್ಷರ. ಮೊದಲನೇ ಪುಟದಲ್ಲಿ ಹೀಗಿತ್ತು: ‘ಕೈ ಅಡ್ಡ ಇಟ್ಟೆ. ಬಾಗಿಲು ನಿಲ್ಲಲಿಲ್ಲ.’ ಆ ಎರಡು ಸಾಲನ್ನೂ ಕೆಂಪು ಪೆನ್ನಿನಲ್ಲಿ ನೇರವಾಗಿ ಹೊಡೆದುಹಾಕಿ, ಅಂಚಿನಲ್ಲಿ ತಿದ್ದಿದ್ದರು: ‘ಕೈ ಅಡ್ಡ ಇಟ್ಟಿರಲಿಲ್ಲ. ಮಗಳು ನೋಡಿದ್ದಾಳೆ.’ ಬುಡದಲ್ಲಿ ‘ನೋಡಿದೆ’ ಎಂದು ಬರೆದು ಸಹಿ ಹಾಕಿದ್ದರು. ಮುಂದಿನ ಪುಟಗಳಲ್ಲೂ ಅದೇ. ದಿನಾ ನೆನಪಾದದ್ದನ್ನು ಬರೆಯುವುದು, ದಿನಾ ಹೊಡೆದುಹಾಕುವುದು.

ಅಕ್ಕ ಜೋರಾಗಿ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅವನು ನಂಗೆ ಮೋಸ ಮಾಡ್ದ. ನಾನು ನಿಂಗೆ ಮಾಡ್ದೆ ಅಪ್ಪ. ಊರಲ್ಲಿರೋದನ್ನೆಲ್ಲ ಅನುಮಾನಿಸಿದೋಳು, ಆ ದೀಪಾನ ನಂಬಿ ನಿನ್ನ ಅನುಮಾನಿಸ್ಬಿಟ್ಟೆ."

"ನಾನೂ ನನ್ನನ್ನೇ ಅನುಮಾನಿಸ್ದೆ, ಏನ್ಮಾಡೋದು," ಎಂದರು ಅವರು.

ಕರಡು ತಿದ್ದುವವರ ಮನೆಯಲ್ಲಿ ಬೆಳೆದವಳಿಗೆ ಅವರ ಗುರುತುಗಳೆಲ್ಲ ಗೊತ್ತು. ತಪ್ಪಾಗಿ ಹೊಡೆದುಹಾಕಿದ ಸಾಲನ್ನು ಉಳಿಸಬೇಕಾದರೆ, ಅದರ ಕೆಳಗೆ ಸಾಲಾಗಿ ಚುಕ್ಕಿ ಇಡುತ್ತಾರೆ. ಹೊಡೆದದ್ದು ತಪ್ಪು, ಇದು ಹೀಗೇ ಇರಲಿ ಎಂದು ಅರ್ಥ. ಅವಳು ಆ ಕೆಂಪು ಪೆನ್ನು ತೆಗೆದುಕೊಂಡು, ಮೊದಲನೇ ಪುಟದಿಂದ ಶುರುಮಾಡಿ, ಎಪ್ಪತ್ತು ಪುಟಕ್ಕೂ ಚುಕ್ಕಿ ಇಟ್ಟಳು. ನಾನು ದೀಪ ಹಾಕಿ, ಮಾತ್ರೆಯ ಡಬ್ಬಿ ಎತ್ತಿ ಒಳಗಿಟ್ಟೆ. ಮುಗಿಯುವವರೆಗೆ ಅವರು ಪಕ್ಕದಲ್ಲಿ ಕೂತು, ಯಾವ ಸಾಲೂ ಬಿಟ್ಟುಹೋಗದಂತೆ ನೋಡಿಕೊಂಡರು.

ಕೊನೆಯಲ್ಲಿ ಅವಳು ಸಹಿಗೆಂದು ನೋಟ್‌ಬುಕ್ ಅವರ ಮುಂದೆ ಹಿಡಿದಳು. ಅವರು ಎಡಗೈಯಲ್ಲಿ ಪೆನ್ನು ಹಿಡಿದು, ಪುಟದ ಬುಡದಲ್ಲಿ ತಾವೇ ಬರೆದಿದ್ದ ‘ನೋಡಿದೆ’ ಎಂಬುದನ್ನು ಓದಿದರು.

"ಬೇಡಮ್ಮ," ಎಂದು ಪೆನ್ನು ಕೆಳಗಿಟ್ಟರು. "ನಂಗೆ ಆ ಪದ ಬರೆಯೋ ಧೈರ್ಯ ಈಗಿಲ್ಲ."